ಮುನ್ನೂರು ವಾಟಿನ ತೂಕ

ಗಿರಾಕಿಯ ಮನೆಯ ಸ್ಪೀಕರ್ ಬಹು ಸೂಕ್ಷ್ಮ. ಒಂದೇ ವಾಟಿಗೆ ಅದರ ಸದ್ದು ಕೋಣೆ ತುಂಬುತ್ತದೆ. ಕೋಣೆ ಚಿಕ್ಕದು. ಚಾಮರಾಜನಗರದ ನಮ್ಮ ಅಂಗಡಿಯ ಮಾಲೀಕರು ನನ್ನ ಕೈಯಲ್ಲಿ ಕಳುಹಿಸಿದ ಆಂಪ್ಲಿಫೈಯರ್ ಮುನ್ನೂರು ವಾಟಿನದು.

ಗುಂಡ್ಲುಪೇಟೆಯ ಆ ಮನೆಯಲ್ಲಿ ಅದನ್ನು ಜೋಡಿಸಿದೆ. ಹಾಡಿಗಿಂತ ಮೊದಲೇ ಸುಯ್ಯೆಂಬ ಸದ್ದು ಕೇಳಿಸಿತು. ಚೀಲದಲ್ಲಿ ತಂದಿದ್ದ ನನ್ನದೇ ಹತ್ತು ವಾಟಿನದನ್ನು ಹಾಕಿದೆ, ಸದ್ದು ಅಡಗಿತು. ಮನೆಯ ಯಜಮಾನರು ಅದನ್ನು ಅಂಗೈಯಲ್ಲಿ ತೂಗಿ ನೋಡಿದರು.

"ತೂಕವೇ ಇಲ್ವಲ್ಲಪ್ಪ, ಇದೇನ್ ಕೂಗ್ತದೆ?"

"ಕಣ್ಣು ಮುಚ್ಚಿ ಕೇಳಿ."

ಕಣ್ಣು ಮುಚ್ಚಿ ಹಾಡು ಕೇಳಿ, ಆಮೇಲೆ ಅಂದರು: "ಇಂತದ್ದೇ ತಂದ್ಕೊಡು. ಆ ದೊಡ್ಡದನ್ನ ತಗಂಡೋಗು."

ಇಲ್ಲಿಗೆ ಸಣ್ಣದೇ ಸಾಕೆಂದು ಫೋನಿನಲ್ಲಿ ಹೇಳಿದ್ದಕ್ಕೆ ಮಾಲೀಕರು ಅಬ್ಬರಿಸಿದರು: "ದೊಡ್ಡದನ್ನ ಅಲ್ಲೇ ಬುಟ್ಟು ಬಾರ್ಲಾ! ಇಲ್ದಿದ್ರೆ ನಾಳೆಯಿಂದ ಅಂಗ್ಡಿಗೇ ಬರ್ಬೇಡ."

ದೊಡ್ಡದರ ಪೆಟ್ಟಿಗೆಯೊಂದಿಗೆ ಚಾಮರಾಜನಗರದ ಬಸ್ ಹತ್ತಿದೆ. ಅದನ್ನು ಅಂಗಡಿಯ ಮೇಜಿನ ಮೇಲಿಟ್ಟು ಹೊರಬಂದವನು ಮತ್ತೆ ಹೋಗಿಲ್ಲ. ಇದನ್ನು ಓದಿದವರು, ಸೂಕ್ಷ್ಮ ಸ್ಪೀಕರಿಗೆ ಸಣ್ಣ ಆಂಪ್ಲಿಫೈಯರ್ ಸಾಕೆಂಬುದನ್ನು ಕೊಳ್ಳಲು ಹೊರಟವರಿಗೆ ದಯವಿಟ್ಟು ತಲುಪಿಸಿ. ಮಾಲೀಕರಿಗೆ ನಾನೇ ಹೇಳಿಯಾಗಿದೆ.