ಬರೀ ನೀರಿನ ಮೇಡಂ

ಮೂಡಿಗೆರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕೆಮಿಸ್ಟ್ರಿ ಮೇಡಂ ಯಾವುದನ್ನೂ ಒಂದೇ ಸಲಕ್ಕೆ ನಂಬಿದವರಲ್ಲ. ಕಷಾಯ ಕುಡಿದು ನೆಗಡಿ ಹೋಯಿತು ಎಂದರೆ ಕನ್ನಡಕವನ್ನು ಹಣೆಗೇರಿಸಿ, "ಕುಡೀದೆ ಇದ್ದ ನಿಮ್ಮ ಯಜಮಾನ್ರದ್ದೂ ಹೋಯ್ತಲ್ಲ? ಬರೀ ನೀರನ್ನೂ ಒಂದ್ಸಲ ಕೇಳ್ಬೇಕು ಮಾರಾಯ್ರೆ" ಎನ್ನುತ್ತಿದ್ದರು.

ನಮ್ಮ ತೋಟದ ಗೋದಾಮಿನಲ್ಲಿ ಕಾಫಿಯ ಕಾಂಡಕೊರಕ ಹುಳಕ್ಕೆ ಹೊಡೆಯುತ್ತಿದ್ದ, ಕ್ಲೋರಿನ್ ಇರುವ ಹಳೇ ವಿಷದ ಔಷಧಿ ಉಳಿದಿತ್ತು. ಹಳ್ಳಕ್ಕೆ ಚೆಲ್ಲುವಂತಿಲ್ಲ, ಇಟ್ಟುಕೊಳ್ಳಲು ಭಯ. ಮೇಡಂ ಸಂಶೋಧನೆಯೂ ಇಂಥದ್ದರ ಮೇಲೆಯೇ. ಜಿಯೊಲೈಟ್ ಎಂಬ, ಮೈತುಂಬ ಸಣ್ಣ ತೂತುಗಳಿರುವ ಪುಡಿಗೆ ಕ್ಷಾರ ಹಿಡಿಸಿ, ಅದರಿಂದ ವಿಷದೊಳಗಿನ ಕ್ಲೋರಿನ್ ಬಿಡಿಸುತ್ತಿದ್ದರು. ಚಿಟಿಕೆ ಔಷಧಿಯ ಮೇಲೆ ಅದನ್ನು ಮಾಡಿ ತೋರಿಸಲು ನನ್ನನ್ನೂ ಯಜಮಾನರನ್ನೂ ತೋಟದ ಲೆಕ್ಕ ಬರೆಯುವ ರೈಟರನ್ನೂ ಕಾಲೇಜಿಗೆ ಕರೆದರು. ಕ್ಲೋರಿನ್ ಔಷಧಿಯಿಂದ ಬಿಡಿಸಿಕೊಂಡು ನೀರಿಗೆ ಬಂದಿದ್ದರೆ, ಸಿಲ್ವರ್ ನೈಟ್ರೇಟಿನ ಹನಿ ಬಿದ್ದೊಡನೆ ನೀರು ಹಾಲಿನಂತಾಗುತ್ತದಂತೆ.

ಹನಿ ಬಿತ್ತು, ಬೆಳ್ಳಗಾಯಿತು. "ಆಯ್ತಲ್ಲ ಮೇಡಂ!" ಎಂದು ರೈಟರು ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು.

ಮೇಡಂ ಮಾತ್ರ, ಔಷಧಿ ಕಲಸಲು ಬಳಸಿದ್ದ ನಲ್ಲಿ ನೀರನ್ನೇ ಬರಿದಾಗಿ ಹಿಡಿದು ಅದಕ್ಕೂ ಒಂದು ಹನಿ ಬಿಟ್ಟರು. ಅದೂ ಬೆಳ್ಳಗಾಯಿತು! ಮಳೆಗಾಲವೆಂದು ಟ್ಯಾಂಕಿಗೆ ಯಾರೋ ಕೈತುಂಬ ಬ್ಲೀಚಿಂಗ್ ಪೌಡರ್ ಸುರಿದಿದ್ದರು; ಅದರಲ್ಲೂ ಇರುವುದು ಕ್ಲೋರಿನ್ನೇ.

"ಚಪ್ಪಾಳೆ ವಾಪಸ್ ತಗೊಳ್ಳಿ" ಎಂದವರೇ ಬೀಕರ್ ಹಿಡಿದು ಮಳೆಗೆ ಇಳಿದರು. ಮಳೆನೀರಿನಲ್ಲಿ ಎಲ್ಲವನ್ನೂ ಮೊದಲಿಂದ ಮಾಡಿದರು. ಬರೀ ಮಳೆನೀರು ತಿಳಿಯಾಗಿಯೇ ಉಳಿಯಿತು. ಪುಡಿ ಹಾಕದ ಔಷಧಿಯ ನೀರೂ ತಿಳಿ. ಪುಡಿ ಹಾಕಿದ್ದು ಮಾತ್ರ ಹಾಲಿನಂತಾಯಿತು.

ಈ ಸಲ ನಾವ್ಯಾರೂ ಚಪ್ಪಾಳೆಗೆ ಕೈ ಎತ್ತಲಿಲ್ಲ, ಅವರ ಮುಖವನ್ನೇ ನೋಡುತ್ತ ಕುಳಿತೆವು. ಮೇಡಂ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡು, ಮೊದಲ ಚಪ್ಪಾಳೆಯನ್ನು ತಾವೇ ತಟ್ಟಿದರು.