ಹೊಲಕ್ಕೆ ಹೋದ ಗೋಡೆ

ನೆನೆದು ಬಿದ್ದ ಮಣ್ಣಿನ ಗೋಡೆಗೆ ಒಂದು ವಾಸನೆ ಇದೆ. ಹೊಸ ಮಳೆ ಬಿದ್ದಾಗ ಬರುವ ಮಣ್ಣಿನ ವಾಸನೆಯಲ್ಲ, ಅದನ್ನು ಎಲ್ಲರೂ ಹೊಗಳುತ್ತಾರೆ. ಇದು ಬೇರೆ. ಹಳೇ ಹುಲ್ಲು, ಒಲೆ ಹೊಗೆ, ಇಲಿ ಗೂಡು, ವರ್ಷಾವರ್ಷ ಬಳಿದ ಸುಣ್ಣ ಎಲ್ಲ ಒಟ್ಟಿಗೆ ಕೊಳೆತ ಹಾಗೆ. ಇವತ್ತು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವಾಗ ಮೇಲಿನ ಬೀದಿಯಲ್ಲಿ ಆ ವಾಸನೆ ಬಂತು. ನಿನ್ನೆಯ ಗಾಳಿಮಳೆಗೆ ಗೌರಿಯ ಮನೆಯ ಒಂದು ಪಕ್ಕದ ಗೋಡೆ ಕೂತುಬಿಟ್ಟಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು ಮಣ್ಣು ಎತ್ತಲು ಶುರು ಮಾಡಿದ್ದಳು. ನಾನು ಹೋಗಿ ಗುದ್ದಲಿ ಕಿತ್ತುಕೊಂಡೆ. ಅಯ್ಯೋ ಪಾಪ ಅನ್ನುವುದು ಬಿಟ್ಟು ಈ ಮುದುಕಿಗೇನು ಬಂತು ಅನ್ನುವ ಹಾಗೆ ನೋಡಿದಳು. ಯಾಕೆ ಕಿತ್ತುಕೊಂಡೆ ಅನ್ನುವುದನ್ನು ನಿಮಗೂ ಹೇಳುತ್ತೇನೆ. ಅದರಲ್ಲಿ ನನ್ನ ದಡ್ಡತನವೇ ಹೆಚ್ಚು, ಅದಕ್ಕೇ ಹೇಳುವುದು.

ಮೂರು ವರ್ಷವಾಯಿತು. ಎಲ್ಲೋ ಮದರಾಸಿನ ಕಡೆ ಸಮುದ್ರದಲ್ಲಿ ಚಂಡಮಾರುತ ಎದ್ದಿತು. ಹುಟ್ಟಿದ ಕೂಸಿಗೆ ಇಟ್ಟ ಹಾಗೆ ಅದಕ್ಕೊಂದು ಹೆಸರಿಟ್ಟು ಟಿವಿಯಲ್ಲಿ ಹೊತ್ತು ಹೊತ್ತಿಗೆ ಕರೆಯುತ್ತಿದ್ದರು. ನಮ್ಮ ಕೈಲಾಂಚದ ಸುತ್ತಮುತ್ತ ಸಮುದ್ರ ಕಂಡವರೇ ಕಡಿಮೆ. ಅಲ್ಲಿಯ ಗಾಳಿ ಇಲ್ಲಿಗೇನು ಬರುತ್ತದೆ ಅಂದುಕೊಂಡೆವು. ಬಂತು. ಮೂರು ದಿನ ಬಿಡದೆ ಹೊಡೆಯಿತು. ನಾಲ್ಕನೇ ದಿನ ಮಳೆ ನಿಂತು, ಬಿಸಿಲು ಇಣುಕಿ, ಸದ್ಯ ಮುಗಿಯಿತು ಅನ್ನುವಾಗ ನಮ್ಮ ಹಿಂದಿನ ಕೋಣೆಯ ಗೋಡೆ ಬಚ್ಚಲನ್ನೂ ಕರೆದುಕೊಂಡು ಆಚೆಗೆ ಮಲಗಿತು. ಸೊಸೆ ರತ್ನ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದಳು, ಅವಳಿಗೇನೂ ಆಗಲಿಲ್ಲ. ಒಂದು ಕೋಳಿ ಸತ್ತಿತು.

ಆ ಕೋಣೆ ಸುಮ್ಮನೆ ಕೋಣೆಯಲ್ಲ. ನನ್ನ ಮೊಮ್ಮಗಳು ಕಾವ್ಯ ಆಗ ಏಳು ತಿಂಗಳ ಬಸುರಿ, ಚೊಚ್ಚಲು. ಸೀಮಂತ ಮಾಡಿ, ಮಡಿಲು ತುಂಬಿ ಕರೆದುಕೊಂಡು ಬಂದು ಆ ಕೋಣೆಯಲ್ಲಿ ಬಾಣಂತನ ಮಾಡಬೇಕು ಅಂತ ಸುಣ್ಣ ಬಳಿದಿಟ್ಟಿದ್ದೆವು. ನನ್ನ ಬಾಣಂತನ, ರತ್ನಳ ಬಾಣಂತನ ಎಲ್ಲ ನಡೆದದ್ದು ಅವರವರ ತವರಿನಲ್ಲಿ. ಈ ಮನೆಯ ಹೆಣ್ಣುಮಗಳು ಅಂತ ಇರುವುದು ಕಾವ್ಯ ಒಬ್ಬಳೇ. ಅಂದ ಮೇಲೆ ಅವಳ ಬಾಣಂತನ ನಮ್ಮ ಪಾಲಿನದು.

ಗೋಡೆ ಬಿದ್ದ ಹೊತ್ತಿಗೆ ಸರಿಯಾಗಿ ಅವಳ ಫೋನು ಬಂತು, ಮುಖ ಕಾಣುತ್ತದಲ್ಲ, ಆ ಥರದ್ದು. ಅವಳ ಫೋನು ಕೆಟ್ಟಿತ್ತು ಅಂತ ಅತ್ತೆಯ ಫೋನಿನಿಂದ ಮಾಡಿದ್ದಳು. ರತ್ನ ಗಾಬರಿಯಲ್ಲಿ ಬಿದ್ದ ಗೋಡೆಯನ್ನೇ ತೋರಿಸಿಬಿಟ್ಟಳು. ಅಲ್ಲಿ ಅತ್ತೆ ಜಯಮ್ಮ ಕಾವ್ಯಳ ಪಕ್ಕದಲ್ಲೇ ಕೂತಿದ್ದಳು. ನೋಡಿದವಳು ಫೋನಿನಲ್ಲಿ ಕಂಡದ್ದನ್ನು ಹಾಗೇ ಫೋಟೊ ಹಿಡಿದಿಟ್ಟುಕೊಂಡಳು. ಇದು ನಮಗೆ ಗೊತ್ತಾದದ್ದು ಆಮೇಲೆ. ಕನಕಪುರದಲ್ಲಿ ಒಂದು ಮದುವೆಗೆ ಹೋದ ರತ್ನಳ ಅಕ್ಕ ಬಂದು ಹೇಳಿದಳು, ಛತ್ರದಲ್ಲಿ ಜಯಮ್ಮ ಆ ಫೋಟೊವನ್ನು ಊಟದ ಪಂಕ್ತಿಯಲ್ಲಿ ತೋರಿಸುತ್ತಿದ್ದಳಂತೆ, ಇಂಥ ಮನೆಗೆ ಹುಡುಗಿಯನ್ನು ಹೇಗೆ ಕಳಿಸುವುದು ನೀವೇ ಹೇಳಿ ಅಂತ. ವಾರದೊಳಗೆ ಮಾತೂ ಬಂತು. ಗೋಡೆ ಎದ್ದರೆ ಸರಿ, ಇಲ್ಲದಿದ್ದರೆ ಬಾಣಂತನ ಗಂಡನ ಊರು ದೊಡ್ಡಆಲಹಳ್ಳಿಯಲ್ಲೇ.

ಮಗನ ಕೈಯಲ್ಲಿ ಆಗ ಏನೂ ಇರಲಿಲ್ಲ. ಸರ್ಕಾರದವರು ಬಿದ್ದ ಮನೆಗೆ ಪರಿಹಾರ ಕೊಡುತ್ತಾರೆ ಅಂದ. ಕೈಲಾಂಚದ ನಾಡಕಚೇರಿಗೆ ಹೋಗಿ ಅರ್ಜಿ ಕೊಟ್ಟ. ಗ್ರಾಮ ಲೆಕ್ಕಿಗರು ಬಂದು ನೋಡಿ, ಫೋಟೊ ಹಿಡಿದುಕೊಂಡು ಹೋಗುತ್ತಾರೆ, ಬರುವ ದಿನ ಫೋನು ಮಾಡುತ್ತಾರೆ ಅಂತ ಹೇಳಿ ಬಿಡದಿಯ ಫ್ಯಾಕ್ಟರಿಗೆ ಶಿಫ್ಟಿಗೆ ಹೋದ.

ನನಗೊಂದು ಚಾಳಿ. ಯಾರಾದರೂ ಬರುತ್ತಾರೆ ಅಂದರೆ ಮನೆ ಸಾರಿಸದೆ ಇರಲಾರೆ. ನನ್ನ ಗಂಡ ಸತ್ತ ದಿನವೂ ಜನ ಬರುವ ಮೊದಲು ಜಗುಲಿ ಗುಡಿಸಿದೆ. ಅದನ್ನು ಈಗಲೂ ಆಡಿಕೊಳ್ಳುವವರಿದ್ದಾರೆ. ಧೂಳಿನಲ್ಲಿ ಮಲಗಿಸಬೇಕಿತ್ತೇ?

ಲೆಕ್ಕಿಗರು ಬರುತ್ತಾರೆ ಅಂದ ಮೇಲೆ ಕೇಳಬೇಕೇ. ಎರಡು ದಿನ ಸೊಂಟ ಬಗ್ಗಿಸಿದವಳು ಎತ್ತಲಿಲ್ಲ. ಹಳೇ ಗೋಡೆಯ ಮಣ್ಣು ಒಳ್ಳೆ ಗೊಬ್ಬರ, ಅದನ್ನೆಲ್ಲ ಪಕ್ಕದವರ ಗಾಡಿಗೆ ತುಂಬಿಸಿ ನಮ್ಮ ರೇಷ್ಮೆ ಸೊಪ್ಪಿನ ತೋಟಕ್ಕೆ ಹರಡಿಸಿದೆ. ಒಡೆಯದ ಹೆಂಚು ಆರಿಸಿ ಜೋಡಿಸಿಟ್ಟೆ. ಗೋಡೆ ಇದ್ದ ಕಡೆ ಬೋಳಾಗಿ ಕಾಣುತ್ತಿತ್ತು. ರೇಷ್ಮೆ ಹುಳ ಗೂಡು ಕಟ್ಟಲು ಬಿಡುವ, ಚಾಪೆಯಂಥ ಬಿದಿರಿನ ಚಂದ್ರಿಕೆಗಳು ಅಟ್ಟದಲ್ಲಿ ಬಿದ್ದಿದ್ದವು, ಹಳೆಯವು. ಅವನ್ನು ಸಾಲಾಗಿ ನಿಲ್ಲಿಸಿ, ಗೂಟಕ್ಕೆ ಕಟ್ಟಿ, ಎರಡೂ ಕಡೆ ಸಗಣಿ ಮಣ್ಣು ಮೆತ್ತಿದೆ. ಕೆಳಗೆ ಕೆಮ್ಮಣ್ಣಿನ ಪಟ್ಟೆ ಎಳೆದೆ. ಬಾಗಿಲಿಗೆ ರಂಗೋಲಿ. ಸರ್ಕಾರದಿಂದ ಮನೆ ಬಾಗಿಲಿಗೆ ಬರುವವರು, ಕಾಲಿಡಲು ಜಾಗ ಬೇಡವೇ?

ಲೆಕ್ಕಿಗರು ಬಂದರು. ಚಿಕ್ಕ ವಯಸ್ಸು, ಪಾಪದವರು, ಬೈಕಿನಲ್ಲಿ ಹತ್ತಾರು ಹಳ್ಳಿ ಸುತ್ತಿ ಕಾಲೆಲ್ಲ ಕೆಸರು. ಮಜ್ಜಿಗೆ ಕೊಟ್ಟೆ. ಕುಡಿದು ಒಳಗೆಲ್ಲ ನೋಡಿದರು, ಹಿಂದಕ್ಕೆ ಹೋದರು, ಮತ್ತೆ ಮುಂದಕ್ಕೆ ಬಂದರು.

"ಅಜ್ಜಿ, ಬಿದ್ದಿರೋ ಗೋಡೆ ಯಾವ್ದು?"

"ಬಿದ್ದಿದ್ದು ಹೊಲ್ದಲ್ಲೈತೆ ಕಣಪ್ಪ."

"ಹೊಲ್ದಲ್ಲಿ ಗೋಡೆ ಯಾಕಿತ್ತು?"

ನಾನು ವಿವರಿಸಿದೆ. ಪುಣ್ಯಾತ್ಮರು ತೋಟಕ್ಕೂ ಬಂದರು. ಸೊಪ್ಪಿನ ಗಿಡದ ಬುಡಕ್ಕೆಲ್ಲ ಸಮನಾಗಿ ಹರಡಿದ ಮಣ್ಣನ್ನು ನೋಡುತ್ತ ಫೋನು ಎತ್ತಿದರು, ಇಳಿಸಿದರು. "ಇದುಕ್ಕೆ ನಾನು ಏನಂತ ಬರೀಲಜ್ಜಿ? ನಿಮ್ಮನೆ ನಮ್ಮನೆಗಿಂತ ಚೆಂದಾಗೈತೆ" ಅಂದರು. ಸುಳ್ಳು ಬರೆಯಲಾರರು, ಬರೆಯಿರಿ ಅಂತ ನಾನೂ ಹೇಳಲಾರೆ. ಗೋಡೆ ಇದೆ ಅಂತ ಬರೆದುಕೊಂಡು ಹೋದರು. ಅದೂ ನಿಜವೇ, ಚಂದ್ರಿಕೆಯ ಗೋಡೆ ಇತ್ತಲ್ಲ.

ರತ್ನ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. "ಒಂದಿನ ಗಲೀಜಾಗಿದ್ದಿದ್ರೆ ಏನಾಗ್ತಿತ್ತತ್ತೆ?" ಅಂದಳು, ಅಷ್ಟೆ. ಆ ಸಂಜೆ ನನ್ನ ಗೋಡೆಗೆ ಕೈ ಇಟ್ಟು ನೋಡಿದೆ. ಅಲ್ಲಾಡಿತು. ಅದರ ಹಿಂದೆ ಹಸುಗೂಸನ್ನು ಮಲಗಿಸಲು ನಾನೂ ಒಪ್ಪುತ್ತಿರಲಿಲ್ಲ.

ಮಾರನೇ ದಿನ ನಾನೇ ನಾಡಕಚೇರಿಗೆ ಹೋದೆ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ, ಬಿದ್ದ ದಿನದ ಫೋಟೊ ಏನಾದರೂ ಇದ್ದರೆ ತನ್ನಿ, ಮತ್ತೆ ಕಳಿಸಿ ನೋಡೋಣ ಅಂದಳು. ನಾವು ಯಾರು ಫೋಟೊ ತೆಗೆದಿದ್ದೆವು? ಮದುವೆ ಮುಂಜಿಗಾದರೆ ಫೋಟೊ, ಗೋಡೆ ಬಿದ್ದದ್ದಕ್ಕೇನು. ಮೆಟ್ಟಿಲು ಇಳಿಯುವಾಗ ನೆನಪಾಯಿತು. ಫೋಟೊ ಒಂದಿದೆ. ಇಡೀ ಭೂಮಿಯ ಮೇಲೆ ಒಂದೇ ಒಂದು, ಬೀಗಿತಿಯ ಫೋನಿನಲ್ಲಿ.

ಕಾವ್ಯಳಿಗೆ ಕೇಳಿದರೆ, ಅತ್ತೆಯ ಫೋನು ಮುಟ್ಟಿ ಫೋಟೊ ಕಳಿಸಿದರೆ ರಾದ್ಧಾಂತವಾಗುತ್ತದೆ, ನೀನೇ ಬಂದು ಕೇಳಜ್ಜಿ ಅಂದಳು. ಅವಳು ಹೇಳಿದ್ದು ಸರಿ. ಇಂಥದ್ದನ್ನು ದೂರದಿಂದ ಕೇಳಬಾರದು. ರಾಮನಗರದಲ್ಲಿ ಬಸ್ಸು ಬದಲಿಸಿ, ಕನಕಪುರದಲ್ಲಿ ಬದಲಿಸಿ ದೊಡ್ಡಆಲಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸಿಕೊಂಡೆ. ಬೈಗುಳವೇ ಹೆಚ್ಚು ಬಂದವು, ಒಂದೊಂದಾಗಿ ಕಿಟಕಿಯಾಚೆ ಬಿಟ್ಟೆ.

ಜಯಮ್ಮ ನೀರು ಕೊಟ್ಟಳು. ಕುಡಿದು ನೇರವಾಗಿ ಹೇಳಿದೆ. "ಗೋಡೆ ಫೋಟೊನ ನಾಕು ಜನುಕ್ಕೆ ತೋರ್ಸಿದ್ದೀಯಂತೆ ಕಣಮ್ಮ. ಲೆಕ್ಕಿಗ್ರಿಗೂ ಒಂದು ಕಳ್ಸು."

ಅವಳ ಮುಖ ಕೆಂಪಾಯಿತು. ಇಲ್ಲ ಅನ್ನುತ್ತಾಳೆ ಅಂದುಕೊಂಡೆ. ಅನ್ನಲಿಲ್ಲ. "ನಿಮ್ ಮಾನ ಕಳ್ಯಕ್ಕೆ ಅಂತ ತೆಗೀನಿಲ್ಲವ್ವ" ಅಂದಳು. ಖಾಲಿ ಲೋಟ ಎತ್ತಿಕೊಂಡು, "ಒಸಿ ಅದೂ ಇತ್ತು ಅನ್ಕಳಿ. ಆದ್ರೆ ಹುಡ್ಗಿ ಮೇಲೆ ಬಿದ್ಬುಟ್ರೆ ಅನ್ನೋ ಭಯ ಜಾಸ್ತಿ ಇತ್ತು" ಅಂದಳು.

ನನಗೆ ಆ ಮಾತು ಹಿಡಿಸಿತು. ಪೂರಾ ಒಳ್ಳೆಯವಳು ಅಂತ ಹೇಳಿಕೊಂಡಿದ್ದರೆ ನಂಬುತ್ತಿರಲಿಲ್ಲ.

ಫೋಟೊ ತೋರಿಸಿದಳು. ಬಿದ್ದ ಗೋಡೆ, ಮಣ್ಣಿನಲ್ಲಿ ಹೂತ ಹಂಡೆ, ಮೂಲೆಯಲ್ಲಿ ಒಬ್ಬಳು ಮುದುಕಿ. ಸೀರೆ ಮೊಣಕಾಲ ತನಕ, ಕೆದರಿದ ತಲೆ, ಬಾಯಿ ತೆರೆದುಕೊಂಡು ಕೈಯಲ್ಲಿ ಸತ್ತ ಕೋಳಿ. ನನ್ನನ್ನು ನಾನು ಹಾಗೆ ಎಂದೂ ನೋಡಿರಲಿಲ್ಲ. ಕಳಿಸು ಅಂದೆ. ನಮ್ಮ ಲೆಕ್ಕಿಗರ ನಂಬರ್ ಚೀಟಿಯಲ್ಲಿ ಬರೆಸಿಕೊಂಡು ಹೋಗಿದ್ದೆ, ನನ್ನ ಎದುರಿಗೇ ಕಳಿಸಿದಳು. ಸರ್ಕಾರದ ಫೈಲಿನಲ್ಲಿ ಈಗಲೂ ನಾನು ಕೋಳಿ ಹಿಡಿದುಕೊಂಡೇ ನಿಂತಿದ್ದೇನೆ.

ಹೊರಡುವಾಗ ಹಿತ್ತಲಿಗೆ ಹೋದರೆ ಅವರ ಕೊಟ್ಟಿಗೆಯೂ ಅದೇ ಗಾಳಿಗೆ ಬಿದ್ದಿತ್ತು. ಶೀಟು, ಕಂಬ, ಮೇವು ಹಾಕುವ ಗೊಂತು ಎಲ್ಲ ಬಿದ್ದ ಹಾಗೇ ಇತ್ತು. ದನಗಳನ್ನು ಪಕ್ಕದ ಮನೆಯಲ್ಲಿ ಕಟ್ಟಿದ್ದರು. ನೋಡಿ ಹೋಗುವವರು ಬರುವ ತನಕ ಒಂದು ಕಡ್ಡಿ ಎತ್ತಬೇಡಿ ಅಂತ ಜಯಮ್ಮ ಎಲ್ಲರಿಗೂ ಹೇಳಿದ್ದಳಂತೆ. ಬುದ್ಧಿವಂತೆ.

ನಮ್ಮ ಅರ್ಜಿ ಒಪ್ಪಿದರು. ಆದರೆ ದುಡ್ಡು ಬರುವುದಕ್ಕೆ ಮೊದಲು ಮಗು ಬಂತು. ಗೋಡೆ ಏಳಲಿಲ್ಲ, ಕಾವ್ಯ ಬರಲಿಲ್ಲ. ತವರಿನ ಬಾಣಂತನ ತವರಿಗೆ ಸಿಗಲಿಲ್ಲ. ಅದನ್ನು ನಾನು ಚೆಂದ ಮಾಡಿ ಹೇಳುವುದಿಲ್ಲ, ನನ್ನ ಕೈಯಾರೆ ಹೋದದ್ದು. ಕೊನೆಗೆ ಜಯಮ್ಮನೇ, ನೀವು ಇಲ್ಲಿಗೆ ಬನ್ನಿ, ಎಣ್ಣೆ ನೀರು ನಿಮ್ಮ ಕೈಯಲ್ಲೇ ಆಗಲಿ ಅಂದಳು. ಬೀಗರ ಮನೆಯಲ್ಲಿ ಮೂರು ತಿಂಗಳು ಇದ್ದೆ. ಅವಳ ಮನೆ ನನ್ನ ಕಣ್ಣಿಗೆ ಸಂತೆ. ಹೊಸ್ತಿಲಲ್ಲೇ ಚಪ್ಪಲಿ, ಮಂಚದ ಕೆಳಗೆ ಈರುಳ್ಳಿ. ತಡೆಯಲಾರದೆ ಮೂರನೇ ದಿನ ಗುಡಿಸಲು ಎದ್ದೆ. "ಅವ್ವ, ನೀವು ಮಗೀನ ನೋಡ್ಕಳಿ. ಮನೆ ಎಲ್ಲೂ ಓಡೋಗಕಿಲ್ಲ" ಅಂದಳು. ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು ನೀರು ಹೊಯ್ದೆ. ಸುತ್ತ ಕಸ ಇತ್ತು, ಕೂಸು ಚೆನ್ನಾಗಿ ಮೈ ಹಿಡಿಯಿತು.

ಆಮೇಲೆ ದುಡ್ಡು ಬಂತು, ಸಾಲದೆ ಬಂದದ್ದನ್ನು ಮಗ ಹಾಕಿದ. ಈಗ ಇಟ್ಟಿಗೆ ಗೋಡೆ.

ಅದಕ್ಕೇ ಇವತ್ತು ಗೌರಿಯ ಗಂಡನನ್ನು ಕರೆದು ನಾಲ್ಕೂ ದಿಕ್ಕಿನಿಂದ ಫೋಟೊ ಹಿಡಿಸಿ, ಅರ್ಜಿ ಕೊಡಲು ಅವನನ್ನು ಕೈಲಾಂಚಕ್ಕೆ ಕಳಿಸಿ ಮನೆಗೆ ಬಂದೆ. ಬರುವ ಹೊತ್ತಿಗೆ ರತ್ನ ಅಂಗಳದಲ್ಲಿ ಗಾಬರಿಯಾಗಿ ನಿಂತಿದ್ದಳು. ಕಾವ್ಯಳಿಗೆ ಮತ್ತೆ ತಿಂಗಳು ತುಂಬುತ್ತಿದೆ. ಎರಡನೆಯದನ್ನಾದರೂ ಇಲ್ಲಿಗೆ ಕಳಿಸೋಣ ಅಂತ ಜಯಮ್ಮ ಕೋಣೆ ನೋಡಲು ಹೊರಟಿದ್ದಾಳೆ, ಆಗಲೇ ರಾಮನಗರ ಬಿಟ್ಟಿದ್ದಾಳಂತೆ. ಮಳೆಗೆ ಒಣಗದ ಬಟ್ಟೆ ಮಂಚದ ಮೇಲೆ ಗುಡ್ಡೆ ಬಿದ್ದಿವೆ. ಹುಳಕ್ಕೆ ತಂದ ಸೊಪ್ಪು ನಡುಮನೆಯಲ್ಲಿ ಹರಡಿದೆ. ತಿಂದ ತಟ್ಟೆ ತೊಳೆದಿಲ್ಲ.

ಗೋಡೆ ಗಟ್ಟಿಯಾಗಿದೆ, ಅವಳು ನೋಡಲು ಬರುವುದು ಅದನ್ನು. ರತ್ನಳಿಗೆ ಕಾಫಿಗೆ ಇಡು ಅಂದೆ. ಬರಲಿ. ಬಟ್ಟೆ ಆಚೆ ತಳ್ಳಿ ಕೂತುಕೊಳ್ಳುತ್ತಾಳೆ.