ಸದ್ದು ತೆಗೆಯುವ ಸಾಫ್ಟ್‌ವೇರ್

ಹೊಸ ಲ್ಯಾಪ್‌ಟಾಪ್ ಮನೆಗೆ ಬಂದಾಗ ಅದರೊಳಗೆ ನಾವು ಕರೆಯದ ನೆಂಟರ ಒಂದು ಗುಂಪೇ ಕೂತಿರುತ್ತದೆ. ನನಗೆ ಅದು ಗೊತ್ತಿರಲಿಲ್ಲ. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಲ್ಯಾಪ್‌ಟಾಪ್ ತಂದದ್ದು ಭಟ್ಕಳದಿಂದ, ಗಲ್ಫ್ ಸಾಮಾನು ಮಾರುವ ಅಂಗಡಿಯಿಂದ. ಕೀಲಿಗಳ ಮೇಲೆ ಇಂಗ್ಲಿಷಿನ ಪಕ್ಕ ಅರಬ್ಬಿ ಅಕ್ಷರಗಳೂ ಇದ್ದವು.

"ಸಬ್ ಒಳಗೇ ಇದೆ ಟೀಚರ್. ನೀವು ಹೊರಗಿಂದ ಎಂತದೂ ಹಾಕೂದು ಬೇಡ" ಎಂದು ಅಂಗಡಿಯವರು ಮುಚ್ಚಳ ಮುಚ್ಚಿ ಕೊಟ್ಟರು.

ಶಾಲೆಯ ಕೆಲಸಕ್ಕೆ ಬೇಕು ಎಂದು ಎಲ್ಲರ ಹತ್ತಿರ ಹೇಳಿಕೊಂಡಿದ್ದೆ. ನಿಜವಾದ ಕಾರಣ ಆಯಿ. ಮಿರ್ಜಾನದಲ್ಲಿ ಅಣ್ಣನ ಮನೆಯಲ್ಲಿದ್ದ ನಮ್ಮ ತಾಯಿಗೆ ಗಂಟಲಲ್ಲಿ ಹುಣ್ಣಾಗಿತ್ತು. ಆಯುಷ್ಯವಿಡೀ ಬಾಯಲ್ಲಿಟ್ಟುಕೊಂಡ ಹೊಗೆಸೊಪ್ಪು ಸೇರಿಸಿದ ಎಲೆಯಡಿಕೆಯ ಕವಳವೇ ಕಾರಣ ಎಂದರು ಡಾಕ್ಟರು. ಮಳೆಗಾಲಕ್ಕೆ ಮೊದಲೇ ಆಪರೇಶನ್ ಆಗಬೇಕು, ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಆಮೇಲೆ ಸ್ವರ ಇರುವುದಿಲ್ಲ ಎಂದೂ ಹೇಳಿದರು. ಅದನ್ನು ಕೇಳಿ ಆಯಿ ಅಳಲಿಲ್ಲ. ಬಸ್ಸಿನಲ್ಲಿ ಬರುವಾಗ, "ಹಂಗಾರೆ ಹುಡ್ಗಿ ಮದ್ವೇಲಿ ಹಾಡು ಹೇಳೂದು ಯಾರು?" ಎಂದು ಕೇಳಿದಳು.

ಹುಡುಗಿ ಎಂದರೆ ಅಣ್ಣನ ಮಗಳು. ಅವಳ ಮದುವೆ ದೀಪಾವಳಿ ಕಳೆದ ಮೇಲೆ ಎಂದು ನಿಶ್ಚಯವಾಗಿತ್ತು. ನಮ್ಮ ಸುತ್ತಿನ ಊರುಗಳಲ್ಲಿ ಆಯಿಯಿಲ್ಲದೆ ಮದುವೆಯ ಹಾಡು ಆಗುತ್ತಿರಲಿಲ್ಲ. ಅರಿಶಿನ ಹಚ್ಚುವುದಕ್ಕೊಂದು, ಹೆಣ್ಣನ್ನು ಹಸೆಗೆ ಕರೆಯುವುದಕ್ಕೊಂದು, ಕೊನೆಗೆ ಹೆಣ್ಣು ಒಪ್ಪಿಸುವುದಕ್ಕೊಂದು. ಈ ಒಪ್ಪಿಸುವ ಹಾಡಿನಲ್ಲಿ ಮಾತು ಬರೀ ನೆಪ. ಪ್ರತಿ ಸಾಲಿನ ಕೊನೆಗೆ ಆಯಿ ಸ್ವರವನ್ನು ಉಸಿರು ಮುಗಿಯುವ ತನಕ ಎಳೆಯುತ್ತಿದ್ದಳು. ಹೆಣ್ಣಿನ ತಾಯಿ ಅಳಲು ಶುರು ಮಾಡುತ್ತಿದ್ದದ್ದು ಮಾತಿಗಲ್ಲ, ಆ ಎಳೆತಕ್ಕೆ. ಎಲ್ಲರ ಹೆಣ್ಣುಮಕ್ಕಳನ್ನೂ ಒಪ್ಪಿಸಿದವಳಿಗೆ ತನ್ನ ಮೊಮ್ಮಗಳನ್ನು ಒಪ್ಪಿಸುವ ಆಸೆ ಇರುವುದು ತಪ್ಪೇನಲ್ಲ.

ಹಾಗಾಗಿ ಹಾಡನ್ನು ಹಿಡಿದಿಟ್ಟುಕೊಳ್ಳುವ ಜವಾಬ್ದಾರಿಯನ್ನು ನಾನು ಹೊತ್ತೆ. ನಾನು ಅರೆಬರೆ ಕೆಲಸ ಮಾಡುವವಳಲ್ಲ. ಲ್ಯಾಪ್‌ಟಾಪಿನ ಒಳಗೆ ಯಾರ್‍ಯಾರಿದ್ದಾರೆಂದು ಮೊದಲು ತಿಳಿದುಕೊಳ್ಳಬೇಕೆಂದು ಸಂಜೆ ಶಾಲೆ ಬಿಟ್ಟವಳೇ ಅದರ ಎದುರು ಕೂರುತ್ತಿದ್ದೆ. ಗಡಿಯಾರದ ಪಕ್ಕ ಪುಟ್ಟ ಚಿತ್ರಗಳ ಸಾಲು. ಒಂದು ವೈರಸ್ ಬಾರದಂತೆ ಕಾಯುವುದು; ಬಂದ ದಿನದಿಂದಲೇ ತನ್ನ ಅವಧಿ ಮುಗಿಯುತ್ತಿದೆಯೆಂದು ಗೋಳಿಡುತ್ತಿತ್ತು. ಒಂದು ಬ್ಯಾಟರಿಗೆ ಬುದ್ಧಿ ಹೇಳುವುದು. ಒಂದು, ನಾಳೆ ಕೆಟ್ಟರೆ ಬೇಕು, ಸಿ.ಡಿ. ಮಾಡಿಟ್ಟುಕೋ, ಮಾಡಿಟ್ಟುಕೋ ಎಂದು ದಿನಾ ನೆನಪಿಸುವುದು. ಇನ್ನೊಂದು ಕ್ಯಾಮೆರಾದಲ್ಲಿ ಕಂಡ ಮುಖಕ್ಕೆ ಮೀಸೆ, ಕೋಡು ಇಡುವುದು. ಇದನ್ನು ಯಾವ ಪುಣ್ಯಾತ್ಮ, ಯಾರ ಉಪಕಾರಕ್ಕೆ ಮಾಡಿದನೋ! ಕಾಟ ಕೊಡುವುದನ್ನೆಲ್ಲ ಒಂದೊಂದಾಗಿ ಓದಿ, ತಿಳಿದು, ಬೇಡದ್ದನ್ನು ಕಿತ್ತೆಸೆದೆ. ಆ ಸಾಲಿನಲ್ಲಿ ಸ್ಪೀಕರಿನ ಚಿತ್ರದ್ದೂ ಒಂದಿತ್ತು. ಅದು ಒಂದು ದಿನವೂ ಬಾಯಿ ಬಿಡಲಿಲ್ಲ. ಸುಮ್ಮನಿರುವವರು ಒಳ್ಳೆಯವರು ಎಂಬುದು ನಮ್ಮ ಕಡೆಯ ಲೆಕ್ಕ. ಅದನ್ನು ತೆರೆದು ಕೂಡ ನೋಡಲಿಲ್ಲ.

ಆಪರೇಶನ್ನಿಗೆ ಮುಂಚಿನ ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಮಿರ್ಜಾನಕ್ಕೆ ಹೋದೆ. ವೈಶಾಖದ ಸೆಕೆ. ಫ್ಯಾನು ಗರಗರ ಎನ್ನುತ್ತಿತ್ತು, ಆರಿಸಿದರೆ ಆಯಿಗೆ ಉಸಿರು ಕಟ್ಟುತ್ತಿತ್ತು. ಮೊದಲು ಪರೀಕ್ಷೆಗೆಂದು, "ಆಯಿ, ಎಂತಾರೂ ಮಾತಾಡು" ಎಂದೆ.

"ಎಂತ ಮಾತಾಡೂದು? ಅಕ್ಕಿ ಬೇಯ್ತಾ ಅದೆ, ನೋಡ್ಕಂಡು ಬಾ" ಎಂದಳು.

ಅದನ್ನು ಹಚ್ಚಿ ಕೇಳಿದೆವು. ಆಯಿ ಎದುರಿಗೆ ಆಡಿದ್ದಕ್ಕಿಂತ ಸ್ವಚ್ಛವಾಗಿತ್ತು ಮಾತು. ಫ್ಯಾನಿನ ಸದ್ದು ಒಂದಿಷ್ಟೂ ಇರಲಿಲ್ಲ. ನನಗೆ ಖುಷಿಯೋ ಖುಷಿ. ಕೊಟ್ಟ ದುಡ್ಡು ಸಾರ್ಥಕ ಎಂದುಕೊಂಡೆ.

ಹಾಡಿಗೆ ಮಾತ್ರ ಆಯಿಯದೊಂದು ಕಟ್ಟಳೆ. ಹೆಣ್ಣು ಒಪ್ಪಿಸುವ ಹಾಡನ್ನು ಮದುವೆಯಿಲ್ಲದ ಮನೆಯಲ್ಲಿ ಹೇಳಬಾರದು. ಹೇಳಿದರೆ ಮನೆಯಿಂದ ಯಾರೋ ಒಬ್ಬರು ಹೊರಟುಹೋಗುತ್ತಾರೆ. ಅದಕ್ಕೆ ಆಯಿಯೇ ಪರಿಹಾರ ಹುಡುಕಿದಳು. ಸಿಪ್ಪೆ ಸುಲಿದ ಒಂದು ತೆಂಗಿನಕಾಯಿಗೆ ಅರಿಶಿನ ಬಳಿದು, ಕುಂಕುಮವಿಟ್ಟು, ಮಣೆಯ ಮೇಲೆ ಕೂರಿಸಿ, ದೀಪ ಹಚ್ಚಿದಳು. ಅದೇ ಮದುವಣಗಿತ್ತಿ. ಅದರ ಎದುರು ಕೂತು ಆಯಿ ಹಾಡಿದಳು. ಸ್ವರ ಸ್ವಲ್ಪ ಗೊಗ್ಗರಾಗಿದ್ದರೂ ಎಳೆತ ಎಲ್ಲಿಯೂ ತುಂಡಾಗಲಿಲ್ಲ. ಅತ್ತಿಗೆ ಸೆರಗು ಬಾಯಿಗೊತ್ತಿಕೊಂಡು ಅಡಿಗೆಮನೆಗೆ ಎದ್ದುಹೋದಳು. ನಾನು ಅಳಲಿಲ್ಲ; ನನ್ನ ಕಣ್ಣೆಲ್ಲ ಪರದೆಯ ಮೇಲೆ ಓಡುತ್ತಿದ್ದ ಹಸಿರು ಗೆರೆಯ ಮೇಲಿತ್ತು.

ಮುಗಿದ ಮೇಲೆ ಕೇಳಿ ನೋಡೋಣವೆಂದು ಕೈ ಹಾಕಿದರೆ ಆಯಿ ನನ್ನ ಕೈ ಹಿಡಿದಳು. "ಬ್ಯಾಡ. ಒಂದು ಸಲಕ್ಕೆ ಒಂದು ಕಾಯಿ. ಇನ್ನು ಮದ್ವೆ ದಿನವೇ ಹಚ್ಚು."

ಆತು ಎಂದೆ. ಆಪರೇಶನ್ನಿಗೆ ಹೊರಟವಳ ಮಾತು ಮೀರುವ ಧೈರ್ಯ ನನಗಿರಲಿಲ್ಲ. ಹೊನ್ನಾವರಕ್ಕೆ ಬಂದ ಮೇಲೂ ಮೀರಲಿಲ್ಲ. ಹೊರಟುಹೋಗುವವರು ಯಾರಿರಬಹುದು ಎಂಬುದು ನನಗೆ ಗೊತ್ತಿತ್ತಲ್ಲ.

ಆಯಿ ಉಳಿದಳು. ಕುತ್ತಿಗೆಯಲ್ಲಿ ಒಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ. ಉಸಿರು ಅಲ್ಲಿಂದಲೇ. ಮಾತಿಲ್ಲ. ಮೊದಲೆಲ್ಲ ಅವಳ ತುಟಿ ನೋಡಿ ಅರ್ಥ ಮಾಡಿಕೊಳ್ಳಲು ಒದ್ದಾಡಿದೆವು. ಆಮೇಲೆ ಅವಳೇ ಹೇಳುವುದನ್ನು ಕಡಿಮೆ ಮಾಡಿದಳು.

ಮದುವೆಯ ದಿನ ಅಣ್ಣನ ಅಂಗಳದ ಚಪ್ಪರದಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿಗೆ ಲ್ಯಾಪ್‌ಟಾಪಿನ ವಯರನ್ನು ಮೈಕಿನವನ ಪೆಟ್ಟಿಗೆಗೆ ಸಿಕ್ಕಿಸಿದೆ. ಆಯಿ ಹೊಸ ಸೀರೆ ಉಟ್ಟು ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಹಾಡು ಶುರುವಾಯಿತು. ಮೊದಲ ಮಾತು ಗಂಟೆ ಹೊಡೆದ ಹಾಗೆ ಕೇಳಿತು. ಎಳೆತ ಏಳುವಷ್ಟರಲ್ಲಿ ಸ್ವರ ಕುಗ್ಗಿತು, ಕುಗ್ಗಿ ಇಲ್ಲವಾಯಿತು. ಮತ್ತೆ ಒಂದು ಮಾತು, ಮತ್ತೆ ಏನೂ ಇಲ್ಲ. ಮೈಕಿನವನು ತಿರುಪುಗಳನ್ನೆಲ್ಲ ತಿರುಗಿಸಿದ. ಗಂಡಿನ ಕಡೆಯ ಹೆಂಗಸೊಬ್ಬಳು ಪಕ್ಕದವಳಿಗೆ, "ಎಂತದೇ, ಬಿಕ್ಕಳಿಕೆಯ?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಕೊನೆಗೆ ಅಣ್ಣ ನನ್ನ ಹತ್ತಿರ ಬಂದು, "ಸಾಕು, ನಿಲ್ಸು" ಎಂದ. ನಿಲ್ಲಿಸಿದೆ. ಹುಡುಗಿಯನ್ನು ಹಾಡಿಲ್ಲದೆಯೇ ಕಾರು ಹತ್ತಿಸಿದರು.

ನಾನು ಆಯಿಯ ಮುಖ ನೋಡಿದೆ. ಅವಳು ಕುತ್ತಿಗೆಯ ಬಟ್ಟೆಯನ್ನು ಮುಟ್ಟಿ, ಕೈಯನ್ನು ಅತ್ತಿಂದಿತ್ತ ಆಡಿಸಿದಳು. ಅವತ್ತೇ ಇರಲಿಲ್ಲ, ಎಂದು ಅದರ ಅರ್ಥ. ತನ್ನ ಸ್ವರ ಆಪರೇಶನ್ನಿಗೆ ಮೊದಲೇ ಹೋಗಿತ್ತೆಂದು, ನಾವೆಲ್ಲ ಅವಳ ಮನಸ್ಸು ನೋಯಬಾರದೆಂದು ಅದನ್ನು ಮುಚ್ಚಿಟ್ಟೆವೆಂದು ತಿಳಿದುಕೊಂಡಳು.

ಹೊನ್ನಾವರಕ್ಕೆ ವಾಪಸಾದವಳೇ ಆ ಸ್ಪೀಕರಿನ ಚಿತ್ರವನ್ನು ಒತ್ತಿದೆ. ಒಳಗಿನ ಒಂದು ಪುಟದಲ್ಲಿ ಮೈಕಿನ ಚಿತ್ರ, ಅದರ ಕೆಳಗೆ ಒಂದು ಚೌಕ, ಚೌಕದಲ್ಲಿ ಟಿಕ್. ಅದನ್ನು ನಾನು ಹಾಕಿರಲಿಲ್ಲ, ಹುಟ್ಟಿನಿಂದಲೇ ಇತ್ತು. ಫ್ಯಾನಿನಂಥ, ಒಂದೇ ಸಮನೆ ಬರುವ ಸದ್ದನ್ನು ತೆಗೆದು ಮಾತನ್ನು ಮಾತ್ರ ಉಳಿಸಿಕೊಡುತ್ತೇನೆ ಎಂದು ಪಕ್ಕದಲ್ಲಿ ಬರೆದಿತ್ತು. ಆಯಿಯ ಎಳೆತ ನಿಧಾನಕ್ಕೆ ಏರಿಳಿದರೂ ಬಂದದ್ದು ಒಂದೇ ಸಮನೆಯೇ. ಅದು ಪಾಪ ಹೇಳಿದ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು. ಟಿಕ್ ತೆಗೆದು ನನ್ನದೇ ಕೆಟ್ಟ ಸ್ವರದಲ್ಲಿ 'ಆ' ಎಂದು ಎಳೆದು ನೋಡಿದೆ, ಇಡಿಯಾಗಿ ಹಿಡಿದುಕೊಂಡಿತು. ಟಿಕ್ ಹಾಕಿ ಎಳೆದೆ, ನುಂಗಿತು.

ನುಂಗಿದ್ದನ್ನು ಕಕ್ಕಿಸಲು ಬರುತ್ತದೆಯೇ ಎಂದು ಶಾಲೆಯ ಕಂಪ್ಯೂಟರ್ ಮಾಸ್ತರರನ್ನು ಕೇಳಿದೆ. "ಇಲ್ಲ ಟೀಚರ್. ಅದು ತೆಗೆದದ್ದನ್ನ ಎಲ್ಲೂ ಇಟ್ಕಂಡಿರೂದಿಲ್ಲ" ಎಂದರು.

ಆಯಿಗೆ ಇಷ್ಟಾದರೂ ತಿಳಿಯಲಿ ಎಂದು ಮಿರ್ಜಾನಕ್ಕೆ ಓಡಿದೆ. ಅಂಗಳದ ಚಪ್ಪರ ಇನ್ನೂ ಬಿಚ್ಚಿರಲಿಲ್ಲ; ಅದು ಇನ್ನೂ ಮದುವೆಮನೆಯೇ. ಚಾವಡಿಯಲ್ಲಿ ಅವಳ ಪಕ್ಕ ಕೂತು, "ಆಯಿ, ನಿನ್ನ ಸ್ವರ ಚಲೋನೇ ಇತ್ತು. ಈ ಯಂತ್ರ ಅದನ್ನ ಬರೀ ಸದ್ದು ಅಂದ್ಕಂಡು ತೆಗ್ದುಹಾಕಿತು" ಎಂದೆ. ಅವಳು ನನ್ನನ್ನೇ ನೋಡಿದಳು. ನಂಬಬೇಕೆಂಬ ಆಸೆ ಆ ಮುಖದಲ್ಲಿ ಕಂಡಿತು. ಆಮೇಲೆ ಅವಳ ತುಟಿ ಆಡಿತು. ಇನ್ನೊಮ್ಮೆ ಆಡಿಸಿದಾಗ ತಿಳಿಯಿತು: "ಹಂಗಾರೆ ನೀ ಹೇಳು. ಕೇಳಿದ್ಯಲ್ಲ."

ಮೊದಲ ಸಾಲಿನ ಮಾತು ನನಗೆ ಬರುತ್ತಿತ್ತು. ಹೇಳಿದೆ. ಸಾಲಿನ ಕೊನೆಗೆ ಬಂದು ನಿಂತೆ. ಎಳೆತ ಎಲ್ಲಿ ಏರುತ್ತದೆ, ಎಲ್ಲಿ ಹೊರಳುತ್ತದೆ ನನಗೆ ಗೊತ್ತಿರಲಿಲ್ಲ. ಆಯಿ ಕೈ ಎತ್ತಿ ಗಾಳಿಯಲ್ಲಿ ತೋರಿಸಿದಳು: ಇಲ್ಲಿಂದ ಮೇಲೆ, ಇಲ್ಲಿ ಸ್ವಲ್ಪ ತಡೆದು, ಹೀಗೆ ಹೊರಳಿ, ನಿಧಾನಕ್ಕೆ ಕೆಳಗೆ. ನಾನು ಆ ಕೈಯನ್ನೇ ನೋಡುತ್ತಾ ಪ್ರಯತ್ನ ಮಾಡಿದೆ. ಅವಳು ಮತ್ತೆ ತೋರಿಸಿದಳು. ಮತ್ತೆ ಪ್ರಯತ್ನ ಮಾಡಿದೆ. ಮೂರನೆಯ ಸಲ ಕೈ ಅರ್ಧಕ್ಕೆ ಏರಿ, ಮಡಿಲಿಗೆ ಬಂತು. ಆಯಿ ನನ್ನ ಮೊಣಕಾಲು ತಟ್ಟಿ, ಸಾಕು ಎನ್ನುವ ಹಾಗೆ ತಲೆಯಾಡಿಸಿ, ಅಂಗಳದ ಕಡೆ ಮುಖ ತಿರುಗಿಸಿದಳು.